ಕಾಯಿಲೆಯಿಂದ ವಿಮಾನ ಪ್ರಯಾಣ ತಪ್ಪಿದಾಗ ಟಿಕೆಟ್ ಹಣ ಕೇಳುವ ಕ್ರಮ

ಗಂಭೀರ ಕಾಯಿಲೆಯ ಕಾರಣ ಪ್ರಯಾಣ ಮಾಡಬಾರದೆಂದು ವೈದ್ಯರು ಹೇಳಿದ ಮೇಲೆ ಮಾಡಬೇಕಾದ ಮೊದಲ ಕೆಲಸವೆಂದರೆ, ವಿಮಾನ ಹೊರಡುವ ಮುನ್ನವೇ ಟಿಕೆಟ್ ರದ್ದುಪಡಿಸುವುದು. ಆಸ್ಪತ್ರೆಯ ಓಡಾಟದಲ್ಲಿ ಇದು ಮರೆತುಹೋದರೆ ವಿಮಾನ ಕಂಪನಿಯ ದಾಖಲೆಯಲ್ಲಿ ನೀವು ‘ನೋ ಶೋ’, ಅಂದರೆ ರದ್ದುಪಡಿಸದೆ ಗೈರಾದವರು, ಆಗುತ್ತೀರಿ. ಆಮೇಲೆ ರಿಯಾಯಿತಿ ಕೇಳುವುದು ಬಹಳ ಕಷ್ಟ. ಹೋಗಿಬರುವ ಟಿಕೆಟ್ ಒಟ್ಟಿಗೇ ಇದ್ದರೆ, ಹೋಗುವಾಗ ಗೈರಾದ ಕಾರಣಕ್ಕೆ ಮರಳುವ ಟಿಕೆಟ್ಟೂ ರದ್ದಾಗುವುದುಂಟು. ಸಮಯವಿದ್ದರೆ ಆ್ಯಪ್‌ನಲ್ಲಿ ರದ್ದುಪಡಿಸುವ ಮೊದಲು ಗ್ರಾಹಕ ಸೇವೆಗೆ ಕರೆಮಾಡಿ, ವೈದ್ಯಕೀಯ ಕಾರಣಕ್ಕೆ ಶುಲ್ಕ ಮನ್ನಾ ಮಾಡಲು ಸಾಧ್ಯವೇ ಎಂದು ಕೇಳಿ. ಉಳಿದವರು ಹೊರಡುವುದಾದರೆ ರೋಗಿಯ ಹೆಸರನ್ನು ಬೇರೆ ಪಿಎನ್‌ಆರ್‌ಗೆ (ಬುಕಿಂಗ್ ಸಂಖ್ಯೆಗೆ) ವಿಂಗಡಿಸಿಕೊಡುವಂತೆ ಅದೇ ಕರೆಯಲ್ಲಿ ಹೇಳಬಹುದು.

ಹಣದ ವಿಷಯದಲ್ಲಿ ಹಕ್ಕು ಯಾವುದು, ವಿನಂತಿ ಯಾವುದು ಎಂಬುದು ಸ್ಪಷ್ಟವಿರಬೇಕು. ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎಯ ನಿಯಮದಂತೆ, ರದ್ದತಿ ಶುಲ್ಕವು ಮೂಲ ದರ ಮತ್ತು ಇಂಧನ ಸರ್‌ಚಾರ್ಜ್‌ಗಳ ಮೊತ್ತವನ್ನು ಮೀರುವಂತಿಲ್ಲ. ಶಾಸನಬದ್ಧ ತೆರಿಗೆಗಳನ್ನೂ ವಿಮಾನ ನಿಲ್ದಾಣದ ಬಳಕೆದಾರರ ಅಭಿವೃದ್ಧಿ ಶುಲ್ಕವನ್ನೂ, ಟಿಕೆಟ್ ಅಗ್ಗದ ಕೊಡುಗೆಯದಾಗಿದ್ದರೂ, ಪ್ರಯಾಣಿಕರು ‘ನೋ ಶೋ’ ಆಗಿದ್ದರೂ, ಮರಳಿಸಲೇಬೇಕು. ಈ ಮೊತ್ತವನ್ನು ಕೇಳದೆ ಬಿಡುವವರೇ ಹೆಚ್ಚು. ಮೂಲ ದರದ ಮಾತು ಬೇರೆ: ‘ಮರುಪಾವತಿ ಇಲ್ಲ’ ಎಂಬ ಷರತ್ತಿನ ಟಿಕೆಟ್ಟಾದರೆ ಕಾಯಿಲೆಯ ಆಧಾರದ ಮೇಲೆ ರಿಯಾಯಿತಿ ಕೇಳಬೇಕಾಗುತ್ತದೆ, ಅಲ್ಲಿ ನಿಮ್ಮ ಕಾಗದಪತ್ರಗಳೇ ಮಾತಾಡುತ್ತವೆ.

ಹಾಗಾಗಿ ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ, ವೈದ್ಯರ ಸಹಿ, ಮೊಹರು ಮತ್ತು ನೋಂದಣಿ ಸಂಖ್ಯೆಯಿರುವ ಪ್ರಮಾಣಪತ್ರ ಪಡೆಯಿರಿ. ‘ವಿಶ್ರಾಂತಿ ಬೇಕು’ ಎಂಬ ಒಂದು ಸಾಲು ಸಾಲದು. ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ವಿಮಾನ ಪ್ರಯಾಣಕ್ಕೆ ಯೋಗ್ಯರಲ್ಲ ಎಂಬುದು ಅದರಲ್ಲಿ ನಮೂದಾಗಿರಬೇಕು, ಆ ಅವಧಿಯೊಳಗೆ ನಿಮ್ಮ ಪ್ರಯಾಣದ ದಿನ ಬರಬೇಕು. ಒಳರೋಗಿಯಾಗಿದ್ದರೆ ದಾಖಲಾತಿ ಪತ್ರ ಮತ್ತು ಡಿಸ್ಚಾರ್ಜ್ ಸಾರಾಂಶವನ್ನು ಸೇರಿಸಿ, ಪಿಎನ್‌ಆರ್ ಸಹಿತ ಇಮೇಲ್‌ನಲ್ಲಿ ಕಳುಹಿಸಿ. ಫೋನಿನಲ್ಲಿ ಸಿಕ್ಕ ಭರವಸೆಗೆ ದೂರು ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ.

ಕಂಪನಿ ನಗದಿನ ಬದಲು ಕ್ರೆಡಿಟ್ ಶೆಲ್, ಅಂದರೆ ಮುಂದಿನ ಟಿಕೆಟ್‌ಗೆ ಬಳಸಲು ತನ್ನಲ್ಲೇ ಇಟ್ಟುಕೊಳ್ಳುವ ಜಮೆ, ಮುಂದಿಟ್ಟರೆ ಅವಸರದಲ್ಲಿ ಒಪ್ಪಬೇಡಿ. ಮರಳಿಸಬೇಕಾದ ಹಣವನ್ನು ಕ್ರೆಡಿಟ್ ಶೆಲ್‌ನಲ್ಲಿ ಇಡಬೇಕೇ ಬೇಡವೇ ಎಂಬುದು ಪ್ರಯಾಣಿಕರ ಆಯ್ಕೆಯೆಂದು ನಿಯಮವೇ ಹೇಳುತ್ತದೆ. ದೀರ್ಘ ಚಿಕಿತ್ಸೆಯಲ್ಲಿರುವವರಿಗೆ ಅವಧಿ ಮುಗಿಯುವ ಕ್ರೆಡಿಟ್‌ನಿಂದ ಆಗುವ ಉಪಯೋಗ ಅಷ್ಟಕ್ಕಷ್ಟೆ. ಆದರೆ ನಿಮಗೆ ಸಲ್ಲಬೇಕಿಲ್ಲದ ಮೂಲ ದರವನ್ನು ಕ್ರೆಡಿಟ್ ರೂಪದಲ್ಲಿ ಕೊಡುತ್ತೇವೆಂದರೆ, ಬೇಗ ಗುಣವಾಗುವ ನಿರೀಕ್ಷೆಯಿದ್ದಾಗ ಅದು ತಿರಸ್ಕರಿಸುವಂಥದ್ದಲ್ಲ.

ಕ್ರೆಡಿಟ್ ಕಾರ್ಡ್‌ನಿಂದ ನೇರವಾಗಿ ಕೊಂಡ ಟಿಕೆಟ್‌ಗೆ ರದ್ದತಿಯ ನಂತರ 7 ದಿನಗಳಲ್ಲಿ ಮರುಪಾವತಿ ಆಗಬೇಕು. ಏಜೆಂಟ್ ಅಥವಾ ಬುಕಿಂಗ್ ತಾಣದ ಮೂಲಕ ಕೊಂಡಿದ್ದರೆ ಹೆಚ್ಚು ದಿನ ಹಿಡಿಯುತ್ತದೆ. ಆಗಲೂ ಹೊಣೆ ವಿಮಾನ ಕಂಪನಿಯದೇ ಆದ್ದರಿಂದ, ಇಬ್ಬರೂ ಪರಸ್ಪರರತ್ತ ಬೆರಳು ತೋರಿಸಿದರೆ ಕಂಪನಿಗೇ ಬರೆಯಿರಿ. ಪ್ರಯಾಣ ವಿಮೆ ಮಾಡಿಸಿದ್ದರೆ, ಕಂಪನಿ ಎಷ್ಟು ಹಣ ಹಿಡಿದುಕೊಂಡಿತೆಂಬ ಲಿಖಿತ ಉತ್ತರವನ್ನು ವಿಮಾ ಅರ್ಜಿಗೆ ಲಗತ್ತಿಸಬೇಕಾಗುತ್ತದೆ.

ಉತ್ತರ ಬಾರದಿದ್ದರೆ ಕೇಂದ್ರ ಸರ್ಕಾರದ ಏರ್‌ಸೇವಾ ಪೋರ್ಟಲ್‌ನಲ್ಲಿ, ಇಲ್ಲವೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಬಹುದು. ಅಲ್ಲಿಯೂ ಬಗೆಹರಿಯದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗಕ್ಕೇ, ಎರಡು ವರ್ಷಗಳೊಳಗೆ, ಅರ್ಜಿ ಸಲ್ಲಿಸಲು ಅವಕಾಶವಿದೆ. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಅದಕ್ಕೆ ಶುಲ್ಕವಿಲ್ಲ.