ಪಿಕಪ್ ಕೂಲಂಟ್ ಕುಡಿಯುತ್ತಿದೆಯೇ? ಮೊದಲು ಕ್ಯಾಪ್ ನೋಡಿ, ಹೆಡ್ ಬಿಚ್ಚುವ ಮಾತು ಆಮೇಲೆ

ಏಪ್ರಿಲ್ ಬಂತೆಂದರೆ ಬಳ್ಳಾರಿ, ರಾಯಚೂರು, ಕೊಪ್ಪಳದ ಬಿಸಿಲು 40 ಡಿಗ್ರಿ ದಾಟುತ್ತದೆ. ಡೀಸೆಲ್ ಪಿಕಪ್ ಓಡಿಸುವವರು ಸೀಟಿನ ಹಿಂದೆ ನೀರಿನ ಕ್ಯಾನ್ ಇಟ್ಟುಕೊಂಡೇ ಹೊರಡುತ್ತಾರೆ. ಬೇಸಿಗೆಯಲ್ಲಿ ಗಾಡಿ ನೀರು ಕುಡಿಯುವುದು ಸಹಜ ಎಂಬ ನಂಬಿಕೆ ಇದೆ. ಅದು ಸಹಜವಲ್ಲ. ಎಂಜಿನ್ ತಣ್ಣಗಿಡುವ ದ್ರವವಾದ ಕೂಲಂಟ್ ಓಡಾಡುವ ಕೂಲಿಂಗ್ ವ್ಯವಸ್ಥೆ ಮುಚ್ಚಿದ ಸುತ್ತು. ಮಟ್ಟ ದಿನೇ ದಿನೇ ಇಳಿಯುತ್ತಿದ್ದರೆ ಎಲ್ಲೋ ಹೊರದಾರಿ ಇದೆ ಎಂದೇ ಅರ್ಥ. ಅದನ್ನು ಕಡಿಮೆ ಖರ್ಚಿನ ಕಡೆಯಿಂದ ಹುಡುಕುತ್ತ ಹೋಗಬೇಕು.

ಮೊದಲು ಅಳತೆ

ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ, ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಕೂಲಂಟ್ ಬಾಟಲಿಯ ಮೇಲೆ ಮಾರ್ಕರ್‌ನಿಂದ ಗೆರೆ ಹಾಕಿ. ಮೂರ್ನಾಲ್ಕು ದಿನ ಅದೇ ಹೊತ್ತಿಗೆ ನೋಡಿ. ಬಿಸಿ ಎಂಜಿನ್‌ನಲ್ಲಿ ಮಟ್ಟ ಏರುವುದು ಸಹಜ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹೊಸದಾಗಿ ಕೂಲಂಟ್ ತುಂಬಿಸಿದ ಮೇಲೆ ಒಂದೆರಡು ದಿನ ಸ್ವಲ್ಪ ಇಳಿದರೂ ಗಾಬರಿ ಬೇಡ; ಒಳಗೆ ಸಿಕ್ಕಿಕೊಂಡ ಗಾಳಿ ಹೊರಬಂದಿರುತ್ತದೆ.

ಎಂಜಿನ್ ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ತೆರೆಯಲೇಬೇಡಿ. ಒತ್ತಡ ತಪ್ಪಿದ ಕ್ಷಣ ಒಳಗಿನ ದ್ರವ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕೆಲವು ಗಾಡಿಗಳಲ್ಲಿ ಪ್ರೆಷರ್ ಕ್ಯಾಪ್ ಬಾಟಲಿಯ ಮೇಲೆಯೇ ಇರುತ್ತದೆ, ಅಲ್ಲೂ ಇದೇ ಎಚ್ಚರ ಬೇಕು.

ಕ್ಯಾಪ್ ಎಂಬ ಅಗ್ಗದ ಅಪರಾಧಿ

ಕ್ಯಾಪ್ ಬರೀ ಮುಚ್ಚಳವಲ್ಲ, ಅದರಲ್ಲಿ ಎರಡು ವಾಲ್ವ್‌ಗಳಿವೆ: ಸ್ಪ್ರಿಂಗ್ ಇರುವ ಒಂದು ಒಳಗಿನ ಒತ್ತಡ ಹಿಡಿದಿಡುತ್ತದೆ, ಇನ್ನೊಂದು ತಣ್ಣಗಾಗುವಾಗ ಬಾಟಲಿಯ ದ್ರವವನ್ನು ವಾಪಸ್ ಬಿಡುತ್ತದೆ. ಬಳ್ಳಾರಿಯ ಎತ್ತರದಲ್ಲಿ ಬರೀ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಅರ್ಧ ಗ್ಲೈಕಾಲ್ (ಕೂಲಂಟಿನ ಮೂಲ ರಾಸಾಯನಿಕ), ಅರ್ಧ ಡಿಸ್ಟಿಲ್ಡ್ ನೀರಿನ ಮಿಶ್ರಣಕ್ಕೆ 0.9 ಬಾರ್ ಒತ್ತಡ ಸೇರಿದರೆ ಕುದಿಯುವ ಹಂತ 120 ಡಿಗ್ರಿ ದಾಟುತ್ತದೆ. ಸ್ಪ್ರಿಂಗ್ ಸಡಿಲವಾದರೆ ಈ ರಕ್ಷಣೆ ಹೋಗುತ್ತದೆ: ಲೋಡ್ ಹೊತ್ತು ಸಂಡೂರಿನ ಏರು ಹತ್ತುವಾಗ ಕೂಲಂಟ್ ಬಾಟಲಿಗೆ ನುಗ್ಗಿ ಉಕ್ಕುತ್ತದೆ. ಎರಡನೆಯ ವಾಲ್ವ್ ಅಂಟಿಕೊಂಡರೆ ತಣ್ಣಗಾಗುವಾಗ ಬಾಟಲಿಯಿಂದ ದ್ರವ ವಾಪಸ್ ಬರುವುದಿಲ್ಲ. ಬಾಟಲಿ ತುಂಬಿದೆ, ರೇಡಿಯೇಟರ್ ಖಾಲಿ, ಮೇಲಿನ ಹೋಸ್ ಚಪ್ಪಟೆ: ಈ ಮೂರೂ ಒಟ್ಟಿಗೆ ಕಂಡರೆ ಕ್ಯಾಪ್ ಬದಲಿಸಿ. ಹಳೆಯದರ ಮೇಲೆ ಬರೆದಿರುವ ಒತ್ತಡದ ಅಂಕಿಯೇ ಹೊಸದರ ಮೇಲೂ ಇರಬೇಕು.

ಹೊರಗಿನ ಸೋರಿಕೆ

ನಮ್ಮ ಕಡೆ ಅದಿರಿನ ಕೆಂಪು ಧೂಳು ಎಂಜಿನ್ನಿಗೆ ಎಷ್ಟು ಮೆತ್ತಿಕೊಂಡಿರುತ್ತದೆಂದರೆ ಸೋರಿದ ಕಲೆ ಕಾಣುವುದೇ ಇಲ್ಲ. ಮೊದಲು ತೊಳೆಸಿ, ಎರಡು ದಿನ ಓಡಿಸಿ, ಆಮೇಲೆ ಟಾರ್ಚ್ ಹಿಡಿದು ನೋಡಿ. ಒಣಗಿದ ಕೂಲಂಟ್ ಹಸಿರು, ಗುಲಾಬಿ ಅಥವಾ ಬಿಳಿ ಪುಡಿಯಾಗಿ ಉಳಿಯುತ್ತದೆ. ಹೋಸ್ ಪೈಪಿನ ಕ್ಲಿಪ್‌ಗಳು, ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕ್ ಅಲ್ಯೂಮಿನಿಯಮ್‌ಗೆ ಕೂಡುವ ಅಂಚು, ತರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ಕೂಲಂಟಿಗೆ ದಾರಿ ಬಿಡುವ ವಾಲ್ವ್) ಜಾಗ, ವಾಟರ್ ಪಂಪಿನ ಕೆಳಗಿನ ಸಣ್ಣ ತೂತು ಮುಖ್ಯ. ಆ ತೂತಿನಿಂದ ಹನಿ ಬರುತ್ತಿದ್ದರೆ ಪಂಪಿನ ಸೀಲ್ ಹೋಗಿದೆ. ತೂತು ಮುಚ್ಚುವುದು ಪರಿಹಾರವಲ್ಲ, ನೀರು ಬೇರಿಂಗಿಗೆ ಇಳಿಯುತ್ತದೆ. ಹೀಟರ್ ಇರುವ ಗಾಡಿಯಲ್ಲಿ ಮ್ಯಾಟ್ ಕೆಳಗೆ ಒದ್ದೆ, ಸಿಹಿ ವಾಸನೆ ಇದೆಯೇ ನೋಡಿ. ಏಸಿಯಿಂದ ತೊಟ್ಟಿಕ್ಕುವುದು ಬರೀ ನೀರು, ಬಣ್ಣವಿರುವುದಿಲ್ಲ.

ಕಣ್ಣಿಗೆ ಕಾಣದಿದ್ದರೆ ಗ್ಯಾರೇಜಿನಲ್ಲಿ ಪ್ರೆಷರ್ ಟೆಸ್ಟ್ ಕೇಳಿ. ಕ್ಯಾಪ್ ಜಾಗಕ್ಕೆ ಕೈಪಂಪು ಕೂರಿಸಿ, ಕ್ಯಾಪ್ ಮೇಲಿನ ಅಂಕಿಯಷ್ಟೇ ಒತ್ತಡ ಹಾಕಿ, 15 ನಿಮಿಷ ಬಿಟ್ಟು, ಪಂಪಿನ ಗೇಜಿನ ಮುಳ್ಳು ಇಳಿಯುತ್ತದೆಯೇ, ಎಲ್ಲಾದರೂ ಹನಿ ಬರುತ್ತದೆಯೇ ನೋಡಬೇಕು. ಅಂಕಿಗಿಂತ ಹೆಚ್ಚು ಪಂಪ್ ಮಾಡಿದರೆ ಒಳ್ಳೆಯ ರೇಡಿಯೇಟರ್ ಕೂಡ ಒಡೆಯಬಹುದು. ಎಂಜಿನ್ ತಣ್ಣಗಿರುವಾಗಲೇ ಮಾಡಿಸಿ. ಬಿಸಿಯಲ್ಲಿ ಹಿಗ್ಗಿ ಮುಚ್ಚಿಕೊಳ್ಳುವ ಸೋರಿಕೆಗಳು ಆಗ ಸಿಗುತ್ತವೆ.

ಮುಳ್ಳು ಇಳಿಯಿತು, ಹೊರಗೆ ಹನಿ ಇಲ್ಲ

ಆಗ ಕೂಲಂಟ್ ಎಂಜಿನ್ನಿನ ಒಳಗೆ ಹೋಗುತ್ತಿದೆ. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ, ಹೆಡ್ ಗ್ಯಾಸ್ಕೆಟ್ (ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್‌ನ ಕೆಳಗಿನ ಸೀಲ್) ದಾಟಿ ಸಿಲಿಂಡರಿನ ಗ್ಯಾಸ್ ಬರುತ್ತಿದೆ. ನೀರು ಬಿಸಿಯಾಗಲು ಅಷ್ಟು ಬೇಗ ಸಾಧ್ಯವೇ ಇಲ್ಲ. ಕ್ಯಾಪ್ ತೆರೆದಿಟ್ಟು ತಣ್ಣಗೆ ಸ್ಟಾರ್ಟ್ ಮಾಡಿದಾಗ ನಿಲ್ಲದೆ ಗುಳ್ಳೆ ಏಳುವುದು, ಆಕ್ಸಲರೇಟರ್ ಒತ್ತಿದಂತೆ ಹೆಚ್ಚುವುದೂ ಇದೇ ಸುಳಿವು. ಮುಖ ದೂರವಿರಲಿ. ಗ್ಯಾಸ್ ಪತ್ತೆಯ ನೀಲಿ ದ್ರವದ ಪರೀಕ್ಷೆ ಡೀಸೆಲ್‌ನಲ್ಲಿ ಐಡಲ್‌ನಲ್ಲೇ (ಗಾಡಿ ನಿಂತಲ್ಲೇ, ಆಕ್ಸಲರೇಟರ್ ಒತ್ತದೆ) ಮುಗಿಸಿದರೆ ದೋಷ ತಪ್ಪಿಸಿಕೊಳ್ಳಬಹುದು, ಲೋಡ್ ಮೇಲೆ ಓಡಿಸಿ ಬಂದು ಮಾಡಬೇಕು.

ಡಿಪ್‌ಸ್ಟಿಕ್‌ನಲ್ಲಿ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಎಣ್ಣೆಗೆ ಕೂಲಂಟ್ ಬೆರೆತಿದೆ, ಗಾಡಿ ಓಡಿಸಬೇಡಿ. ಕೂಲಂಟ್ ಬಾಟಲಿಯಲ್ಲಿ ಮಾತ್ರ ಎಣ್ಣೆ ತೇಲುತ್ತಿದ್ದರೆ ಆಯಿಲ್ ಕೂಲರ್ (ಕೂಲಂಟ್‌ನಿಂದ ಎಂಜಿನ್ ಎಣ್ಣೆ ತಣ್ಣಗಾಗಿಸುವ ಭಾಗ) ಮೇಲೆ ಅನುಮಾನ ಹೆಚ್ಚು. ಓಡುವಾಗ ಎಣ್ಣೆಯ ಒತ್ತಡ ಕೂಲಂಟ್‌ಗಿಂತ ಜಾಸ್ತಿ, ಹಾಗಾಗಿ ಎಣ್ಣೆಯೇ ಕೂಲಂಟಿಗೆ ನುಗ್ಗುತ್ತದೆ.

ಎಣ್ಣೆ ಸ್ವಚ್ಛ, ಗುಳ್ಳೆ ಇಲ್ಲ, ಆದರೂ ಕೂಲಂಟ್ ಇಳಿಯುತ್ತಿದೆ, ಸೈಲೆನ್ಸರ್‌ನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತಿದೆ ಎಂದರೆ ಇಜಿಆರ್ ಕೂಲರ್ (ಎಂಜಿನ್ನಿಗೆ ವಾಪಸ್ ಕಳಿಸುವ ಸ್ವಲ್ಪ ಹೊಗೆಯನ್ನು ಕೂಲಂಟ್‌ನಿಂದ ತಣ್ಣಗಾಗಿಸುವ ಭಾಗ) ನೋಡಿಸಿ. ಬಹಳ ಕಡೆ ಇದನ್ನು ನೋಡದೆ ಹೆಡ್ ಬಿಚ್ಚಿ ಹಣ ಕಳೆದುಕೊಳ್ಳುತ್ತಾರೆ. ಕೂಲರಿನ ಪೈಪ್ ಬಿಚ್ಚಿ, ವ್ಯವಸ್ಥೆಗೆ ಒತ್ತಡ ಹಾಕಿ ರಾತ್ರಿ ಬಿಟ್ಟರೆ ಬೆಳಿಗ್ಗೆ ಒದ್ದೆ ಕಾಣುತ್ತದೆ. ಸ್ಟಾರ್ಟರ್ ಇದ್ದಕ್ಕಿದ್ದಂತೆ ಬಿಗಿದು ನಿಂತರೆ ಮತ್ತೆ ಮತ್ತೆ ತಿರುಗಿಸಬೇಡಿ: ಸಿಲಿಂಡರಿನಲ್ಲಿ ನೀರು ನಿಂತಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಹೆಡ್ ಬಿಚ್ಚಲೇಬೇಕಾದರೆ ಅದರ ತಳ ಬಾಗದೆ ಸಮತಟ್ಟಾಗಿದೆಯೇ ಎಂದು ಸ್ಟ್ರೈಟ್ ಎಡ್ಜ್ (ನೇರ ಪಟ್ಟಿ), ಫೀಲರ್ ಗೇಜ್‌ (ಸಂದು ಅಳೆಯುವ ತೆಳು ತಗಡು) ಇಟ್ಟು ಅಳೆಯಿಸಿ. ಅನೇಕ ಡೀಸೆಲ್ ಗ್ಯಾಸ್ಕೆಟ್‌ಗಳ ಅಂಚಿನ ತೂತು ಅಥವಾ ಕಚ್ಚುಗಳು ಅದರ ದಪ್ಪ ಹೇಳುತ್ತವೆ. ಹಳೆಯದನ್ನು ಎಸೆಯುವ ಮುನ್ನ ಹೋಲಿಸಿ.

ಮಾಡಬಾರದ್ದು

ಸೋರಿಕೆಗೆ ಅರಿಶಿನ ಪುಡಿ ಸುರಿಯುವ ರೂಢಿ ಇನ್ನೂ ಇದೆ. ಅದು ತೂತಿನ ಜೊತೆಗೆ ರೇಡಿಯೇಟರಿನ ಸಣ್ಣ ನಳಿಕೆಗಳನ್ನೂ ಕಟ್ಟುತ್ತದೆ. ತರ್ಮೋಸ್ಟಾಟ್ ಕಿತ್ತುಹಾಕಿದರೆ ಎಂಜಿನ್ ಸರಿಯಾದ ಬಿಸಿಗೆ ಬರುವುದಿಲ್ಲ, ಡೀಸೆಲ್ ಜಾಸ್ತಿ ಕುಡಿಯುತ್ತದೆ, ಸವೆತವೂ ಹೆಚ್ಚು. ಬೋರ್‌ವೆಲ್ ನೀರು ಗಡಸು, ಒಳಗೆ ಬಿಳಿ ಪದರ ಕಟ್ಟುತ್ತದೆ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ನೀರನ್ನೇ ಬಳಸಿ. ಕುದಿಯುತ್ತಿರುವ ಎಂಜಿನ್‌ಗೆ ತಣ್ಣೀರು ಹಾಕಿದರೆ ಹೆಡ್ ಬಿರುಕು ಬಿಡಬಹುದು.

ಗಂಗಾವತಿ, ಸಿಂಧನೂರಿನ ಗಿರಣಿಗಳಿಗೆ ಓಡುವ ಗಾಡಿಗಳ ರೇಡಿಯೇಟರಿನಲ್ಲಿ ಭತ್ತದ ಹೊಟ್ಟು ಸೇರಿ ಗಾಳಿ ನಿಲ್ಲುತ್ತದೆ. ಫ್ಯಾನ್ ಕಡೆಯಿಂದ ಮುಂದಕ್ಕೆ, ಕಡಿಮೆ ಒತ್ತಡದ ನೀರಿನಲ್ಲಿ ತೊಳೆಯಿರಿ.

ತೆಗೆದ ಹಳೆಯ ಕೂಲಂಟನ್ನು ಚರಂಡಿಗೆ, ಬಯಲಿಗೆ ಚೆಲ್ಲಬೇಡಿ. ಸಿಹಿಯಾಗಿರುವುದರಿಂದ ನಾಯಿ, ದನ ನೆಕ್ಕುತ್ತವೆ. ಗ್ಲೈಕಾಲ್ ಮೂತ್ರಪಿಂಡ ಕೆಡಿಸಿ ಕೊಲ್ಲುತ್ತದೆ. ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ, ಮಕ್ಕಳ ಕೈಗೆ ಸಿಗದ ಕಡೆ ಇಟ್ಟು, ಹಳೆ ಎಣ್ಣೆ ತೆಗೆದುಕೊಳ್ಳುವ ಗ್ಯಾರೇಜಿನಲ್ಲಿ ವಿಚಾರಿಸಿ ಒಪ್ಪಿಸಿ.