ಲೀಸಾ ಕಾಡಿನ ಕಸುಬನ್ನು ದಾಖಲಿಸಿ ಉಳಿಸುವ ಬಗೆ

ಉತ್ತರಾಖಂಡ ಮತ್ತು ಹಿಮಾಚಲ ಪ್ರದೇಶದ ಇಳಿಜಾರುಗಳಲ್ಲಿ ಬೆಳೆಯುವ ಚೀಡ್ ಪೈನ್ ಮರದ ಕಾಂಡವನ್ನು ಕೊರೆದು ಇಳಿಸುವ ಅಂಟುರಸಕ್ಕೆ ಅಲ್ಲಿನವರು ಲೀಸಾ ಎನ್ನುತ್ತಾರೆ. ಅದನ್ನು ಬಟ್ಟಿ ಇಳಿಸಿದಾಗ ಟರ್ಪೆಂಟೈನ್ ಆವಿಯಾಗಿ ಬೇರ್ಪಟ್ಟು, ತೂಕದಲ್ಲಿ ಮುಕ್ಕಾಲು ಪಾಲಿನಷ್ಟು ರೋಸಿನ್ ಎಂಬ ಗಟ್ಟಿ ರಾಳ ತಳದಲ್ಲಿ ಉಳಿಯುತ್ತದೆ. ಬಣ್ಣ, ವಾರ್ನಿಷ್, ಸಾಬೂನು, ಕಾಗದ ಎಲ್ಲಕ್ಕೂ ಇವು ಬೇಕು. ಕಸುಬು ಇಂದಿಗೂ ನಿಂತಿಲ್ಲವಾದರೂ ಅದರ ಹಳೆಯ ಪದ್ಧತಿ ಕಣ್ಮರೆಯಾಗುತ್ತಿದೆ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಗೆ ಓದಲು, ತರಬೇತಿಗೆ ಹೋಗುವ ಕನ್ನಡಿಗರೂ ಉತ್ತರಾಖಂಡದ ಕುಮಾವೂಂ ಕಡೆಗೆ ಚಾರಣಕ್ಕೆ ಹೋಗುವವರೂ ಅದನ್ನು ದಾಖಲಿಸಿಡುವ ಕೆಲಸಕ್ಕೆ ಕೈಹಾಕಬಹುದು.

ಇಂಥ ಸಂಗ್ರಹವನ್ನು ಬಹಳಷ್ಟು ಮಂದಿ ಸಲಕರಣೆಗಳಿಂದ ಆರಂಭಿಸುತ್ತಾರೆ, ಏಕೆಂದರೆ ಅವನ್ನು ಗೋಡೆಗೆ ನೇತುಹಾಕುವುದು ಸುಲಭ. ನನ್ನ ಮಟ್ಟಿಗೆ ಅದು ತಲೆಕೆಳಗಾದ ಕ್ರಮ. ಲೀಸಾ ಹಿಡಿಯುವ ಕಬ್ಬಿಣದ ಬಟ್ಟಲು ಇನ್ನೂ ಐವತ್ತು ವರ್ಷ ಇರುತ್ತದೆ. ಗಾಯದ ಗುರುತು ಹೊತ್ತ ಮರ ಬರುವ ಬೇಸಿಗೆಯ ಬೆಂಕಿಗೇ ಹೋಗಬಹುದು. ಯಾವುದು ಮೊದಲು ನಾಶವಾಗುತ್ತದೆಯೋ ಅದನ್ನು ಮೊದಲು ದಾಖಲಿಸಬೇಕು.

ಆದ್ದರಿಂದ ಮರದಿಂದ ಆರಂಭಿಸಿ. ಹಳೆಯ ಬಟ್ಟಲು ಪದ್ಧತಿಯಲ್ಲಿ ನಮ್ಮ ಬಡಗಿಗಳ ಬಾಚಿಯನ್ನು ಹೋಲುವ ಬಸೂಲಾದಿಂದ ಸುಮಾರು 10 ಸೆಂಟಿಮೀಟರ್ ಅಗಲ, 2 ಸೆಂಟಿಮೀಟರಿಗೂ ಮಿಕ್ಕ ಆಳದ ಗಾಯ ಮಾಡಿ, ಕೆಳಗೆ ರಸವನ್ನು ಹರಿಸುವ ತಗಡಿನ ತುಟಿ ಮತ್ತು ಬಟ್ಟಲನ್ನು ಕೂರಿಸುತ್ತಿದ್ದರು. ಗಾಯವನ್ನು ಆಗಾಗ ಹೊಸದಾಗಿ ಕೆತ್ತುತ್ತ ಹೋದಂತೆ ಅದು ವರ್ಷದಿಂದ ವರ್ಷಕ್ಕೆ ಕಾಂಡದ ಮೇಲಕ್ಕೆ ಏರುತ್ತಿತ್ತು. ಮರ ಟೊಳ್ಳಾಗಿ ಗಾಳಿಗೆ ಮುರಿಯುವುದು, ಒಣಗಿದ ಲೀಸಾಕ್ಕೆ ಕಾಡ್ಗಿಚ್ಚು ಹತ್ತುವುದು ಹೆಚ್ಚಾದ್ದರಿಂದ ಹಗುರವಾದ ರಿಲ್ ಪದ್ಧತಿ ಬಂತು. ಅದರಲ್ಲಿ ತೊಗಟೆಯನ್ನು ತೆಳ್ಳಗೆ ಹೆರೆದು, ನಡುವೆ ಒಂದು ನೆಟ್ಟನೆಯ ತೋಡನ್ನೂ ಅದಕ್ಕೆ ಕೂಡುವಂತೆ ಮೀನಿನ ಮುಳ್ಳಿನ ಹಾಗೆ ಓರೆಗೀರುಗಳನ್ನೂ ಎಳೆದು, ಗಂಧಕಾಮ್ಲ ಮತ್ತು ನೈಟ್ರಿಕ್ ಆಮ್ಲದ ದುರ್ಬಲ ಮಿಶ್ರಣವನ್ನು ಸಿಂಪಡಿಸುತ್ತಾರೆ. ಒಂದೇ ಮರದಲ್ಲಿ ಎರಡೂ ಗುರುತುಗಳು ಸಿಕ್ಕರೆ ಬಿಡಬೇಡಿ, ಇಡೀ ಕಸುಬಿನ ಚರಿತ್ರೆ ಅಲ್ಲಿ ಒಂದೆಡೆ ನಿಂತಿರುತ್ತದೆ. ಎದೆಮಟ್ಟದಲ್ಲಿ, ಅಂದರೆ ನೆಲದಿಂದ 1.37 ಮೀಟರ್ ಎತ್ತರದಲ್ಲಿ ಸುತ್ತಳತೆ ತೆಗೆದುಕೊಂಡು, ಪ್ರತಿ ಗಾಯದ ಅಗಲ, ಎತ್ತರ, ಅದು ಮುಖ ಮಾಡಿದ ದಿಕ್ಕು ಬರೆದುಕೊಳ್ಳಿ. ಅಳತೆಪಟ್ಟಿಯನ್ನು ಗಾಯದ ಪಕ್ಕದಲ್ಲಿಟ್ಟು, ಬೆಳಗಿನ ಓರೆಬಿಸಿಲಿನಲ್ಲಿ ಫೋಟೊ ತೆಗೆಯಿರಿ. ನಡುಹಗಲಿನ ನೇರ ಬೆಳಕಿನಲ್ಲಿ ಬಸೂಲಾದ ಏಟುಗಳು ಕಾಣುವುದೇ ಇಲ್ಲ. ಬಿದ್ದ ಮರದ ತುಂಡು ಬೇಕೆನಿಸಿದರೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಪಡೆದು, ಕೊಯ್ದ ಎರಡೂ ತುದಿಗಳಿಗೆ ಮೇಣ ಸವರಿ ನೆರಳಿನಲ್ಲಿ ನಿಧಾನವಾಗಿ ಒಣಗಿಸಿ, ಇಲ್ಲವಾದರೆ ಸೀಳು ಬಿಡುತ್ತದೆ. ಮೇ, ಜೂನ್ ತಿಂಗಳಿಗೆ ಈ ಕೆಲಸವನ್ನು ತಳ್ಳಬೇಡಿ, ಆಗ ನೆಲದ ಮೇಲಿನ ಪಿರೂಲ್, ಅಂದರೆ ಚೀಡ್‌ನ ಒಣ ಸೂಜಿಯೆಲೆ, ಒಂದು ಕಿಡಿಗೆ ಕಾದಿರುತ್ತದೆ.

ಮರದ ನಂತರದ ಸರದಿ ಕೈ ಮತ್ತು ಮಾತು. ಕೆಲಸಗಾರರನ್ನು ಕುರ್ಚಿಯಲ್ಲಿ ಕೂರಿಸಿ ಪ್ರಶ್ನೆ ಕೇಳಿದರೆ ನಿಮಗೆ ಸಿಗುವುದು ಭಾಷಣ. ಕಾಡಿನಲ್ಲಿ ಅವರ ಪಕ್ಕದಲ್ಲಿ ನಿಂತು ಕೇಳಿದರೆ ಕಸುಬು. ವಿಡಿಯೊ ತೆಗೆಯುವಾಗ ಒಮ್ಮೆ ಮೊಣಕೈವರೆಗಿನ ಹತ್ತಿರದ ದೃಶ್ಯವನ್ನು, ಇನ್ನೊಮ್ಮೆ ಪಾದದ ನಿಲುವೂ ಕಾಣುವಂತೆ ಇಡೀ ದೇಹವನ್ನು ಹಿಡಿಯಿರಿ, ಏಕೆಂದರೆ ಇಳಿಜಾರಿನಲ್ಲಿ ಏಟಿನ ಹದವಿರುವುದು ಕಾಲಿನಲ್ಲಿ. ಕುಮಾವೂನಿ, ಗಢವಾಲಿ, ನೇಪಾಳಿ, ಹಿಂದಿ ಬೆರೆತ ಅವರ ಪದಗಳನ್ನು ಉಚ್ಚಾರದಂತೆಯೇ ಬರೆದುಕೊಂಡು, ಅರ್ಥವನ್ನು ಅವರ ಬಾಯಿಂದಲೇ ಹೇಳಿಸಿ. ಕೂಲಿ, ಗುತ್ತಿಗೆ, ಆಮ್ಲದಿಂದ ಸುಟ್ಟ ಕೈ ಇವುಗಳ ಮಾತು ಬಂದೇ ಬರುತ್ತದೆ. ಹೆಸರು ಹಾಕಬೇಕೋ ಬೇಡವೋ ಎಂಬುದನ್ನು ಅವರೇ ತೀರ್ಮಾನಿಸಲಿ.

ಈ ಕಾಡುಗಳಲ್ಲಿ ಕಹಿ ನೆನಪು ಇದೆ ಎಂಬುದು ಗೊತ್ತಿರಬೇಕು. 1921ರ ಜನವರಿಯಲ್ಲಿ ಕುಮಾವೂಂನ ಬಾಗೇಶ್ವರದ ಉತ್ತರಾಯಣಿ ಜಾತ್ರೆಯಲ್ಲಿ ಜನರು ಬಿಟ್ಟಿ ಚಾಕರಿಯ ರಿಜಿಸ್ಟರುಗಳನ್ನು ಸರಯೂ ನದಿಗೆ ಎಸೆದರು. ಅದೇ ಬೇಸಿಗೆಯಲ್ಲಿ ಸರ್ಕಾರದ ವಶದಲ್ಲಿದ್ದ ಚೀಡ್ ಕಾಡುಗಳಿಗೆ ಬೆಂಕಿ ಬಿತ್ತು, ಲೀಸಾ ಇಳಿಸುತ್ತಿದ್ದ ಮರಗಳೂ ಸುಟ್ಟವು. ಆ ಅಸಮಾಧಾನದ ಮುಂದುವರಿಕೆಯಾಗಿಯೇ 1931ರಲ್ಲಿ ವನ ಪಂಚಾಯತಿಗಳ, ಅಂದರೆ ಹಳ್ಳಿಗರೇ ಕಾಡು ನೋಡಿಕೊಳ್ಳುವ ಸಮಿತಿಗಳ, ನಿಯಮಗಳು ಬಂದವು. ಇಲಾಖೆಯ ಕಡತಗಳನ್ನಷ್ಟೇ ಕೂಡಿಟ್ಟರೆ ಕತೆಯ ಒಂದು ಮಗ್ಗುಲು ಮಾತ್ರ ಉಳಿಯುತ್ತದೆ. ವನ ಪಂಚಾಯತಿಯ ಸಭಾ ಪುಸ್ತಕಗಳನ್ನೂ ಕೇಳಿ ನೋಡಿ.

ಕಾಗದಪತ್ರಗಳ ವಿಷಯದಲ್ಲಿ ಒಂದು ವಿಚಿತ್ರವಿದೆ. ಶಾಯಿ ಹರಡದಿರಲೆಂದು ಕಾರ್ಖಾನೆಗಳು ಕಾಗದಕ್ಕೆ ರೋಸಿನ್ ಮತ್ತು ಪಟಕ ಸೇರಿಸುತ್ತಿದ್ದವು. ಆ ಪಟಕದಿಂದ ಹುಟ್ಟುವ ಆಮ್ಲವೇ ಕಾಲಾಂತರದಲ್ಲಿ ಕಾಗದವನ್ನು ಹಳದಿ ಮಾಡಿ, ಮಡಿಚಿದಲ್ಲಿ ಮುರಿಯುವಂತೆ ಮಾಡುತ್ತದೆ. ಹೀಗಾಗಿ ಲೀಸಾದ ಲೆಕ್ಕ ಬರೆದ ಪುಸ್ತಕವನ್ನು ತಿನ್ನುತ್ತಿರುವುದರಲ್ಲಿ ಲೀಸಾದ ಪಾಲೂ ಇರುತ್ತದೆ. ಅಂಥ ಪುಸ್ತಕವನ್ನು ಪೂರ್ತಿ ಅಗಲಿಸಿ ಒತ್ತಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ, ಸೆಲೊಟೇಪ್ ಹಚ್ಚಬೇಡಿ. ಎರಡೂ ಬದಿ ದಿಂಬಿನ ಆಸರೆ ಕೊಟ್ಟು, ಅರ್ಧ ತೆರೆದ ಸ್ಥಿತಿಯಲ್ಲಿ, ರಟ್ಟಿನಿಂದ ಹಿಡಿದು ಖಾಲಿ ಹಾಳೆಗಳವರೆಗೆ ಎಲ್ಲವನ್ನೂ ಫೋಟೊ ತೆಗೆದು, ಮೂಲವನ್ನು ಆಮ್ಲರಹಿತ ಕಾಗದದಲ್ಲಿ ಸುತ್ತಿ, ಅದನ್ನು ಕೊಟ್ಟವರಿಗೇ ಹಿಂದಿರುಗಿಸಿ.

ಈಗ ಸಲಕರಣೆಗಳು. ಬಟ್ಟಲಿಗೆ ಮೆತ್ತಿದ ಲೀಸಾವನ್ನು ತಿಕ್ಕಿ ತೊಳೆದು ಫಳಫಳ ಹೊಳೆಯಿಸಿದರೆ ಅದು ಅಂಗಡಿಯ ಪಾತ್ರೆಯಾಗುತ್ತದೆ, ಅಷ್ಟೆ. ಸಡಿಲವಾದ ತುಕ್ಕನ್ನು ಮೆತ್ತನೆಯ ಬ್ರಷ್ಷಿನಿಂದ ತೆಗೆದು, ಒಣ ಜಾಗದಲ್ಲಿಟ್ಟರೆ ಸಾಕು. ಎಲ್ಲಿಯಾದರೂ ಅಂಟು ತೆಗೆಯಲೇಬೇಕಾದರೆ ಟರ್ಪೆಂಟೈನ್ ಅದ್ದಿದ ಹತ್ತಿಯನ್ನು ಮರೆಯಾದ ಒಂದು ಮೂಲೆಯಲ್ಲಿ ಪ್ರಯೋಗಿಸಿ ನೋಡಿ. ಆ ಹತ್ತಿಯನ್ನು ಉಂಡೆ ಮಾಡಿ ಬುಟ್ಟಿಗೆ ಎಸೆಯಬೇಡಿ, ಅದು ತಾನಾಗಿ ಕಾದು ಹೊತ್ತಿಕೊಳ್ಳಬಲ್ಲದು. ಹಳೆಯ ಆಮ್ಲದ ಬಾಟಲಿ ಸಿಕ್ಕರೆ ಮುಚ್ಚಳಕ್ಕೆ ಕೈಹಚ್ಚದೆ ರಸಾಯನಶಾಸ್ತ್ರ ಬಲ್ಲವರನ್ನು ಕರೆಯಿರಿ.

ಬಟ್ಟಿ ಕಾರ್ಖಾನೆಯೇ ನೀವು ಹೋದ ಊರಿನ ಹತ್ತಿರವಿದ್ದರೆ ಗುಜರಿಯವನಿಗಿಂತ ಮೊದಲು ಅಲ್ಲಿಗೆ ತಲುಪಬೇಕು. ಉತ್ತರ ಪ್ರದೇಶದ ಬರೇಲಿಯ ಪಕ್ಕದ ಕ್ಲಟರ್‌ಬಕ್‌ಗಂಜ್, ಹಿಮಾಚಲದ ನಾಹನ್ ಈ ಉದ್ಯಮದಿಂದ ಹೆಸರಾದ ಸ್ಥಳಗಳು. ಫ್ರಾನ್ಸಿನ ಲಾಂದ್ ಪ್ರದೇಶದ ಲುಕ್ಸೇ ಎಂಬ ಹಳ್ಳಿಯಲ್ಲಿ 19ನೇ ಶತಮಾನದ ಲೀಸಾ ಬಟ್ಟಿಯೊಂದನ್ನು ಅದರ ಉಪಕರಣಗಳ ಸಹಿತ ಇದ್ದಲ್ಲೇ ಉಳಿಸಿಕೊಂಡಿದ್ದಾರೆ. ಅಷ್ಟು ಮಾಡುವ ಹಣ ನಮ್ಮಲ್ಲಿ ಎಲ್ಲರಿಗೂ ಇರುವುದಿಲ್ಲ. ಆದರೆ ಲೀಸಾದ ಡಬ್ಬ ಒಳಬರುವ ಬಾಗಿಲಿನಿಂದ ರೋಸಿನ್ ಪೀಪಾಯಿ ಹೊರಹೋಗುವ ಬಾಗಿಲಿನವರೆಗೆ, ಯಾವ ಪೈಪು ಯಾವ ಹಂಡೆಗೆ ಸೇರುತ್ತದೆಂದು ಹಳೆಯ ಕೆಲಸಗಾರರೊಬ್ಬರನ್ನು ಜೊತೆಗಿಟ್ಟುಕೊಂಡು ಪೆನ್ಸಿಲಿನಲ್ಲಿ ನಕ್ಷೆ ಬರೆಯುವುದಕ್ಕೆ ಒಂದು ದಿನ ಸಾಕು. ತಾಮ್ರದ ಭಾಗಗಳನ್ನು ಮೊದಲು ಬರೆಯಿರಿ, ಅವೇ ಮೊದಲು ಮಾಯವಾಗುವುದು.

ಹೊರಡುವ ಮುನ್ನ ಡೆಹ್ರಾಡೂನಿನ ಸಂಸ್ಥೆಯಲ್ಲಿ ಮರಮುಟ್ಟಲ್ಲದ ಅರಣ್ಯೋತ್ಪನ್ನಗಳಿಗೇ ಮೀಸಲಾದ ವಸ್ತುಸಂಗ್ರಹಾಲಯವನ್ನು ಒಂದು ಪೂರ್ತಿ ಬೆಳಿಗ್ಗೆ ನೋಡಿ. ಹಿಂದಿರುಗಿದ ಮೇಲೆ ಅದೇ ಅಳತೆಪಟ್ಟಿಯನ್ನು ಹಿಡಿದು ಪಶ್ಚಿಮಘಟ್ಟದಲ್ಲಿ ಅಗರಬತ್ತಿಗಾಗಿ ಹಾಲುಮಡ್ಡಿ ಎಂಬ ಅಂಟು ತೆಗೆದ ಮರಗಳ ಬುಡಕ್ಕೂ ಹೋಗಬಹುದು. ಅಲ್ಲಿನ ಗಾಯಗಳನ್ನೂ ಯಾರಾದರೂ ಅಳೆದು ಬರೆದಿಡಬೇಕಾಗಿದೆ.