ಪ್ಯಾಕೆಟ್ ಸರಿಯಾಗಿ ಬರ್ತಿಲ್ವಾ? ಕೇಬಲ್ ಕೀಳೋಕೆ ಮುಂಚೆ ಕ್ಲಾಕ್ ನೋಡಿ

ರೋಚ್, ಸ್ನ್ಯಾಪ್ ಥರದ ಕ್ಯಾಸ್ಪರ್ ಬೋರ್ಡ್ (ರೇಡಿಯೋ ಟೆಲಿಸ್ಕೋಪಿನ ಸಿಗ್ನಲ್ ಡಿಜಿಟಲ್ ಮಾಡಿ ಪ್ಯಾಕೆಟ್ ಪ್ಯಾಕೆಟ್ ಆಗಿ ಕಂಪ್ಯೂಟರಿಗೆ ಕಳಿಸೋ ಬೋರ್ಡ್) ಜೊತೆ ಒದ್ದಾಡಿರೋರಿಗೆ ಈ ಗೋಳು ಗೊತ್ತಿರುತ್ತೆ. ಕಂಪ್ಯೂಟರಿಗೆ ಡೇಟಾ ಕಮ್ಮಿ ಬರುತ್ತೆ, ತಕ್ಷಣ ನೆಟ್‌ವರ್ಕ್ ಸ್ವಿಚ್ ಮೇಲೆ ಅನುಮಾನ, ಅರ್ಧ ದಿನ ಅದ್ರಲ್ಲೇ ಹೋಯ್ತು. ಅದಕ್ಕೆ ಮುಂಚೆ ಒಂದು ಲೆಕ್ಕ ಹಾಕಿ.

ಎಡಿಸಿ, ಅಂದ್ರೆ ಸಿಗ್ನಲ್ಲನ್ನ ಅಂಕಿಗಳಾಗಿ ಮಾಡೋ ಚಿಪ್, 800 ಮೆಗಾಹರ್ಟ್ಜ್‌ನಲ್ಲಿ ಓಡ್ತಿದೆ, ಸ್ಯಾಂಪಲ್‌ಗೆ 8 ಬಿಟ್, ಪ್ಯಾಕೆಟ್‌ಗೆ 8192 ಸ್ಯಾಂಪಲ್ ಅಂತಿಟ್ಕೊಳ್ಳಿ, ಆಗ ಸೆಕೆಂಡಿಗೆ ಸುಮಾರು 97,656 ಪ್ಯಾಕೆಟ್ ಬರ್ಬೇಕು. ಪ್ರತಿ ಪ್ಯಾಕೆಟ್ ಹೆಡರ್‌ನಲ್ಲಿ ಕೌಂಟರ್ ಇಡಿ, ಇದನ್ನ ದಯವಿಟ್ಟು ಬಿಡ್ಬೇಡಿ. ನಂಬರ್ ಮಧ್ಯೆ ಮಧ್ಯೆ ಹಾರಿದ್ರೆ ಎಲ್ಲೋ ಕಳ್ದೋಗ್ತಿದೆ, ನೆಟ್‌ವರ್ಕ್ ಕಡೆ ಹೋಗಿ. ನಂಬರ್ ಒಂದೂ ತಪ್ದೆ ಸಾಲಾಗಿ ಬರ್ತಿದೆ, ಆದ್ರೆ ಸೆಕೆಂಡಿಗೆ ಬರೋದೇ ಕಮ್ಮಿ ಅಂದ್ರೆ ಬೋರ್ಡ್ ಕಳಿಸ್ತಿರೋದೇ ನಿಧಾನ, ಕ್ಲಾಕೇ ತಪ್ಪಿದೆ.

ಕ್ಲಾಕ್‌ಗೆ ಕ್ಯಾಸ್ಪರ್‌ಎಫ್‌ಪಿಜಿಎ ಲೈಬ್ರರಿಯಲ್ಲಿ ಎಸ್ಟಿಮೇಟ್ ಎಫ್‌ಪಿಜಿಎ ಕ್ಲಾಕ್ ಅಂತ ಒಂದು ಫಂಕ್ಷನ್ ಇದೆ (ಎಫ್‌ಪಿಜಿಎ ಅಂದ್ರೆ ಬೋರ್ಡಿನ ಮುಖ್ಯ ಚಿಪ್), ಎರಡು ಮೂರು ಸಲ ಓಡಿಸಿ. ರೋಚ್ ಮೇಲಿನ ಐಎಡಿಸಿಗೆ (ಅದರ ಎಡಿಸಿ ಕಾರ್ಡ್) 800 ಕೊಟ್ರೆ ಅದರ ಕಾಲು ಭಾಗ, 200 ಬರ್ಬೇಕು. ಸೊನ್ನೆ ಬಂದ್ರೆ ಅಥ್ವಾ ಒಂದೊಂದ್ಸಲ ಒಂದೊಂದು ಬಂದ್ರೆ ಕ್ಲಾಕ್ ಕೊಡೋ ಸಿಂಥಸೈಜರ್ ಔಟ್‌ಪುಟ್‌ನ ಸ್ಪೆಕ್ಟ್ರಮ್ ಅನಲೈಜರ್‌ಗೆ ಹಾಕಿ ನೋಡಿ, ಎಸ್‌ಎಂಎ ಕನೆಕ್ಟರ್ ಬಿಗಿ ಇದ್ಯಾ ನೋಡಿ. ಡಿಸೈನ್ ಓಡ್ತಿರುವಾಗ ಫ್ರೀಕ್ವೆನ್ಸಿ ಬದಲಾಯಿಸಿದ್ರೆ ಒಳಗಿನ ಲಾಕ್ ತಪ್ಪುತ್ತೆ, ಹಾಗಾಗಿ ಮೊದ್ಲು ಸಿಂಥಸೈಜರ್, ಆಮೇಲೆ ಪ್ರೋಗ್ರಾಮಿಂಗ್, ಆಮೇಲೆ ಎಡಿಸಿ ಕ್ಯಾಲಿಬ್ರೇಷನ್.

ನನ್ನನ್ನ ಎರಡು ದಿನ ಕಾಡಿದ್ದು ಬೇರೆ. ಕ್ಲಾಕ್ 200 ಅಂತಾನೇ ತೋರಿಸ್ತಿತ್ತು, ಪ್ಯಾಕೆಟ್ಟೂ ಸರಿ, ಆದ್ರೆ ಎರಡು ಬೋರ್ಡ್ ಕೋರಿಲೇಟ್ ಮಾಡಿದ್ರೆ (ಎರಡರ ಸಿಗ್ನಲ್ ಹೋಲಿಸಿದ್ರೆ) ಫೇಸ್, ಅಂದ್ರೆ ಎರಡು ಅಲೆಗಳ ನಡುವಿನ ಕೋನ, ಸುತ್ತುತ್ತಲೇ ಇತ್ತು. ಕರೆಂಟ್ ಹೋಗಿ ಬಂದ್ಮೇಲೆ ಒಂದು ಸಿಂಥಸೈಜರ್ ಹೊರಗಿನ 10 ಮೆಗಾಹರ್ಟ್ಜ್ ರೆಫರೆನ್ಸ್ ಬಿಟ್ಟು ತನ್ನ ಇಂಟರ್ನಲ್ ಕ್ಲಾಕ್‌ಗೆ ಹೋಗಿತ್ತು. ಎರಡು ಕ್ಲಾಕ್‌ಗೆ ಕೋಟಿಯಲ್ಲಿ ಒಂದು ಭಾಗ ವ್ಯತ್ಯಾಸ ಇದ್ರೂ ಸಾಕು, 100 ಮೆಗಾಹರ್ಟ್ಜ್ ಸಿಗ್ನಲ್‌ನ ಫೇಸ್ ಸೆಕೆಂಡಿಗೆ 10 ಸುತ್ತು ಹೊಡೆಯುತ್ತೆ. ಈಗ ನಾನು ಒಂದೇ ನಾಯ್ಸ್ ಸೋರ್ಸ್‌ನ ಸ್ಪ್ಲಿಟರ್‌ನಲ್ಲಿ ಎರಡೂ ಬೋರ್ಡಿಗೆ ಕೊಟ್ಟು ನೋಡದೆ ಅಬ್ಸರ್ವೇಷನ್ ಶುರು ಮಾಡಲ್ಲ. ಫೇಸ್ ಸಮಯದ ಜೊತೆ ತಿರುಗಿದ್ರೆ ರೆಫರೆನ್ಸ್ ಲಾಕ್ ಇಲ್ಲ. ತಿರುಗದೆ, ಫ್ರೀಕ್ವೆನ್ಸಿ ಜೊತೆ ಇಳಿಜಾರಾಗಿ ನಿಂತಿದ್ರೆ ಒಂದು ಬೋರ್ಡ್ ತಡವಾಗಿ ಶುರುವಾಗಿದೆ, ಕೇಬಲ್ ಉದ್ದ ಒಂದೇ ಇದ್ರೆ ಪಿಪಿಎಸ್ (ಸೆಕೆಂಡಿಗೊಂದು ಬರೋ ಪಲ್ಸ್) ನೋಡಿ. ಪಿಪಿಎಸ್ ಅಂಚಿನಲ್ಲಿ ಆರ್ಮ್ (ಮುಂದಿನ ಪಲ್ಸಿಗೆ ಶುರುವಾಗೋಕೆ ಸಿದ್ಧ) ಮಾಡ್ಬೇಡಿ, ಸೆಕೆಂಡಿನ ಮಧ್ಯದಲ್ಲಿ ಮಾಡಿ.

ನೆಟ್‌ವರ್ಕ್ ಕಡೆ ಬಂದ್ರೆ, ಮೊದಲ ಕಳ್ಳ ಎಂಟಿಯು, ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನೋ ಮಿತಿ. ಡೀಫಾಲ್ಟ್ 1500 ಬೈಟ್ ಇರುತ್ತೆ, 8 ಕಿಲೋಬೈಟ್ ಪ್ಯಾಕೆಟ್ ಸದ್ದಿಲ್ದೆ ಮಾಯ. ಎನ್‌ಐಸಿ (ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡ್), ಸ್ವಿಚ್ ಎರಡರಲ್ಲೂ 9000 ಮಾಡಿ. ಬೋರ್ಡಿನ ಎಆರ್‌ಪಿ ಟೇಬಲ್‌ನಲ್ಲಿ (ಯಾವ ಐಪಿಗೆ ಯಾವ ಮ್ಯಾಕ್ ಅನ್ನೋ ಪಟ್ಟಿ) ಕಂಪ್ಯೂಟರಿನ ಮ್ಯಾಕ್ ಅಡ್ರೆಸ್ ಸರಿ ಇದ್ಯಾ ನೋಡಿ. ಟಿಸಿಪಿಡಂಪ್‌ನಲ್ಲಿ (ಬರೋ ಪ್ಯಾಕೆಟ್ ತೋರಿಸೋ ಟೂಲ್) ಕಾಣುತ್ತೆ, ನಿಮ್ಮ ಪ್ರೋಗ್ರಾಮಿಗೆ ಏನೂ ಸಿಗಲ್ಲ ಅಂದ್ರೆ ಫೈರ್‌ವಾಲ್ ಅಥ್ವಾ ಆರ್‌ಪಿ ಫಿಲ್ಟರ್ (ದಾರಿ ಹೊಂದದ ಪ್ಯಾಕೆಟ್ ಎಸೆಯೋ ಲಿನಕ್ಸ್ ಸೆಟ್ಟಿಂಗ್). ಸ್ವಲ್ಪ ಸ್ವಲ್ಪ ಕಳ್ದೋಗ್ತಿದ್ರೆ ಸಾಕೆಟ್‌ನ ರಿಸೀವ್ ಬಫರ್ ಹೆಚ್ಚಿಸಿ.

ಇನ್ನೊಂದು ಬೋರ್ಡ್ ಒಳಗೇ ಆಗೋದು. 10 ಗಿಗಾಬಿಟ್ ಕೋರ್‌ಗೆ (ಪ್ಯಾಕೆಟ್ ಕಳಿಸೋ ಭಾಗ) ಪ್ರತಿ ಕ್ಲಾಕ್‌ಗೆ 64 ಬಿಟ್, 200 ಮೆಗಾಹರ್ಟ್ಜ್‌ನಲ್ಲಿ ಬಿಡುವಿಲ್ದೆ ತುಂಬಿದ್ರೆ ಸೆಕೆಂಡಿಗೆ 12.8 ಗಿಗಾಬಿಟ್ ಆಯ್ತು, ಲಿಂಕಿಗೆ ಅದು ಹಿಡಿಯಲ್ಲ, ಬಫರ್ ತುಂಬಿ ಚೆಲ್ಲುತ್ತೆ. ನೂರು ಕ್ಲಾಕ್‌ನಲ್ಲಿ 78ಕ್ಕಿಂತ ಕಮ್ಮಿ ಸಲವೇ ವ್ಯಾಲಿಡ್ (ಡೇಟಾ ಇದೆ ಅನ್ನೋ ಸಿಗ್ನಲ್) ಮೇಲಿರ್ಬೇಕು, ಹೆಡರ್‌ಗೂ ಜಾಗ ಬೇಕಲ್ವಾ. ಓವರ್‌ಫ್ಲೋ ಬಿಟ್‌ನ ಒಂದು ರಿಜಿಸ್ಟರ್‌ಗೆ ತಂದಿಟ್ಕೊಳ್ಳಿ, ಅದು ಒಂದ್ಸಲ ಏರಿದ್ರೂ ಕೋರ್ ರೀಸೆಟ್ ಮಾಡಿ ಮತ್ತೆ ಶುರು ಮಾಡಿ.